‘ಮಧ್ಯಮಾವಧಿ’: ಒಂದು ವಿಶೇಷಣದ ಸಾಲಚರಿತ್ರೆ

ಸಹಕಾರ ಸಂಘಗಳ ಲೆಕ್ಕಪುಸ್ತಕಗಳಲ್ಲಿ ‘ಅಲ್ಪಾವಧಿ’, ‘ದೀರ್ಘಾವಧಿ’ಗಳ ನಡುವೆ ಕಾಣಿಸುವ ‘ಮಧ್ಯಮಾವಧಿ’ ಎಂಬ ವಿಶೇಷಣವು ಮಧ್ಯಮ, ಅವಧಿ ಎಂಬ ಎರಡು ಸಂಸ್ಕೃತ ಪದಗಳ ಸವರ್ಣದೀರ್ಘ ಸಂಧಿಯಿಂದ ಆದದ್ದಾದರೂ, ಅದಕ್ಕೆ ಖಚಿತವಾದ ಅಳತೆ ದೊರೆತದ್ದು ವ್ಯಾಕರಣದಿಂದಲ್ಲ, ಕೃಷಿ ಸಾಲದ ಕಾನೂನಿನಿಂದ. ‘ಮಧ್ಯಂತರ ಚುನಾವಣೆ’ ಎಂಬಲ್ಲಿನ ಮಧ್ಯಂತರ ಪದವು ಅವಧಿಯೊಂದರ ನಡುವಿನ ಘಟ್ಟವನ್ನು ಸೂಚಿಸಿದರೆ, ಮಧ್ಯಮಾವಧಿಯು ಕಾಲದ ಉದ್ದವನ್ನೇ ಹೇಳುತ್ತದೆ. ಆ ಉದ್ದವೂ ಎಲ್ಲೆಡೆ ಒಂದೇ ಅಲ್ಲ: ಹವಾಮಾನ ಮುನ್ಸೂಚನೆಯಲ್ಲಿ ಅದು ಮೂರರಿಂದ ಹತ್ತು ದಿನ, ಸಾಲದಲ್ಲಿ ವರ್ಷಗಳು.

ಬ್ರಿಟಿಷ್ ಆಡಳಿತ ರೈತರಿಗೆ ನೇರವಾಗಿ ಕೊಡುತ್ತಿದ್ದ ಮುಂಗಡಕ್ಕೆ, ಅಂದರೆ ತಕಾವಿಗೆ, ಎರಡು ಕಾಯಿದೆಗಳಿದ್ದವು. ಬಾವಿ, ಬದುಗಳಂಥ ಕಾಮಗಾರಿಗೆ 1883ರ ಭೂಸುಧಾರಣಾ ಸಾಲಗಳ ಕಾಯಿದೆ, ಬೀಜ ಮತ್ತು ದನಗಳಿಗೆ 1884ರ ಕೃಷಿಕರ ಸಾಲಗಳ ಕಾಯಿದೆ. ಒಂದೇ ಸುಗ್ಗಿಗೆ ತೀರುವ ಬೀಜವನ್ನೂ ಹಲವು ವರ್ಷ ನೊಗ ಹೊರುವ ಎತ್ತನ್ನೂ ಒಂದೇ ಕಾಯಿದೆಯಡಿ ಸೇರಿಸಿದ್ದರಲ್ಲಿಯೇ ನಡುವಣ ಪದವೊಂದರ ಕೊರತೆ ಎದ್ದು ಕಾಣುತ್ತದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಬೆನ್ನಿಗೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಕಟ್ಟಿದರು. ಭೂಮಿಯನ್ನು ಅಡವಿಟ್ಟುಕೊಂಡು ದೀರ್ಘಕಾಲದ ಸಾಲ ನೀಡುವ ಭೂಅಡಮಾನ ಬ್ಯಾಂಕು ಮೈಸೂರು ಸಂಸ್ಥಾನದಲ್ಲಿ 1929ರಲ್ಲಿ ಬಂದಿತು. ಎತ್ತು, ಗಾಡಿ, ನೇಗಿಲುಗಳು ಇವೆರಡರ ನಡುವೆ ಉಳಿದವು.

1934ರ ರಿಸರ್ವ್ ಬ್ಯಾಂಕ್ ಕಾಯಿದೆಯೂ ಮೊದಲು ಬೆಳೆಯ ಹಂಗಾಮಿಗಷ್ಟೇ, 9 ತಿಂಗಳ ಮಿತಿಯಲ್ಲಿ, ನೆರವು ನೀಡುತ್ತಿತ್ತು. 1951ರಲ್ಲಿ ಆ ಮಿತಿ 15 ತಿಂಗಳಿಗೆ ಏರಿತು. 1953ರ ತಿದ್ದುಪಡಿಯು ರಾಜ್ಯ ಸಹಕಾರಿ ಬ್ಯಾಂಕುಗಳಿಗೆ 15 ತಿಂಗಳಿಂದ 5 ವರ್ಷದವರೆಗಿನ ಸಾಲ ಕೊಡಲು ಅವಕಾಶ ಮಾಡಿದಾಗ ‘ಮಧ್ಯಮಾವಧಿ’ಗೆ ಎರಡು ಕಡೆಯಲ್ಲೂ ಬೇಲಿ ಬಿದ್ದಿತು. ‘ಅವಧಿ’ಯ ಮೂಲಾರ್ಥವೇ ಎಲ್ಲೆ ಎಂಬುದರಿಂದ ಈ ಬಳಕೆ ಪದಕ್ಕೆ ಒಪ್ಪುವಂಥದ್ದೇ.

ಆದರೆ ಪದದ ಬಾಳು ಬೇಲಿಯೊಳಗೆ ನಿಲ್ಲಲಿಲ್ಲ. 1956ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೃಷಿ ಸಾಲ (ಸ್ಥಿರೀಕರಣ) ನಿಧಿಯ ಉದ್ದೇಶವು, ಬರ ಮತ್ತು ನೆರೆಯಿಂದ ಬೆಳೆಸಾಲ ತೀರಿಸಲಾಗದಾಗ ಅದನ್ನು ಮಧ್ಯಮಾವಧಿ ಸಾಲವಾಗಿ ‘ಪರಿವರ್ತಿಸಲು’ ನೆರವಾಗುವುದಾಗಿತ್ತು. ಹೀಗೆ ಎತ್ತಿನ ದುಡಿಮೆಯ ಆಯುಷ್ಯಕ್ಕೆ ಹೊಂದುತ್ತಿದ್ದ ವಿಶೇಷಣವು ಕೈಕೊಟ್ಟ ಮಳೆಯ ಹಳೆಯ ಬಾಕಿಗೂ ಹೆಸರಾಯಿತು. ಉಳುಮೆಗೆ ಟ್ರ್ಯಾಕ್ಟರು ಬಂದ ಮೇಲೆ ಅದರ ಮೊದಲ ಆಧಾರವೂ ಸವೆಯಿತು. ಕರ್ನಾಟಕದ 2023ರ ಮುಂಗಡಪತ್ರದಲ್ಲಿ ಬಡ್ಡಿರಹಿತ ಅಲ್ಪಾವಧಿ ಸಾಲಕ್ಕೆ 5 ಲಕ್ಷ ರೂಪಾಯಿಯ ಪ್ರತ್ಯೇಕ ಮಿತಿಯಿದ್ದರೆ, ಮಧ್ಯಮಾವಧಿಯು ದೀರ್ಘಾವಧಿಯೊಡನೆ ಸೇರಿ ಶೇ. 3ರ ಬಡ್ಡಿಯ 15 ಲಕ್ಷ ರೂಪಾಯಿಯ ಒಂದೇ ಮಿತಿಯೊಳಗೆ ಕುಳಿತಿದೆ.