ಸ್ಟರ್ಲಿಂಗನ ವಾಯುಯಂತ್ರ

ಸ್ಕಾಟ್ಲೆಂಡಿನ ರಾಬರ್ಟ್ ಸ್ಟರ್ಲಿಂಗನು (1790–1878) ವೃತ್ತಿಯಿಂದ ಪಾದ್ರಿ. ಕಿಲ್ಮಾರ್ನಕ್ ಊರಿನ ಚರ್ಚಿಗೆ ನಿಯುಕ್ತನಾದ 1816ರಲ್ಲಿಯೇ ಆತನು ಹೊಸದೊಂದು ಯಂತ್ರಕ್ಕೆ ಪೇಟೆಂಟು ಕೋರಿದನು. ಉಗಿಯಂತ್ರದ ಹಂಡೆಗಳು ಸಿಡಿದು ಕೂಲಿಗಾರರು ಸಾಯುವುದಕ್ಕೆ ಮರುಗಿ ಇದನ್ನು ಕಲ್ಪಿಸಿದನೆಂದು ಹೇಳುವುದುಂಟು. ಪೇಟೆಂಟಿನ ತಲೆಬರಹವಾದರೋ ಉರುವಲಿನ ಉಳಿತಾಯವನ್ನೇ ಮೊದಲು ಹೇಳುತ್ತದೆ. ಅದನ್ನು ನಂಬುವುದೇ ಲೇಸು.

ಈ ಯಂತ್ರದಲ್ಲಿ ಉಗಿಯಿಲ್ಲ. ಮುಚ್ಚಿದ ಪಾತ್ರೆಯೊಳಗಿನ ಗಾಳಿಯೇ ದುಡಿಯುವುದು. ಪಾತ್ರೆಯ ಒಂದು ತುದಿಯನ್ನು ಹೊರಗಿನ ಬೆಂಕಿ ಕಾಯಿಸುವುದು. ಇನ್ನೊಂದು ತುದಿ ತಣ್ಣಗಿರುವುದು. ಕಾದ ಗಾಳಿ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ, ತಣಿದಾಗ ಕುಗ್ಗಿ ಹಿಂದಕ್ಕೆ ಬರಗೊಡುತ್ತದೆ. ಇಷ್ಟೇ ಆಗಿದ್ದರೆ ವಿಶೇಷವೇನೂ ಇರಲಿಲ್ಲ. ಗಾಳಿಯು ಬಿಸಿಯಿಂದ ತಂಪಿಗೆ ಸಾಗುವ ದಾರಿಯನ್ನು ಸ್ಟರ್ಲಿಂಗನು ಲೋಹದ ಇಕ್ಕಟ್ಟಾದ ಸಂದುಗಳಿಂದ ರಚಿಸಿದನು. ಹೋಗುವಾಗ ಗಾಳಿ ತನ್ನ ಶಾಖವನ್ನು ಆ ಲೋಹದಲ್ಲಿ ಅಡವಿಟ್ಟು, ಮರಳುವಾಗ ಬಿಡಿಸಿಕೊಳ್ಳುತ್ತದೆ. ಶಾಖಯಂತ್ರಗಳ ತತ್ತ್ವವನ್ನು ಕುರಿತು ಫ್ರಾನ್ಸಿನ ಕಾರ್ನೋ ಗ್ರಂಥ ಬರೆದದ್ದು 1824ರಲ್ಲಿ. ಪಾದ್ರಿಯ ಕೈ ಶಾಸ್ತ್ರಕ್ಕಿಂತ ಎಂಟು ವರ್ಷ ಮುಂದಿತ್ತು!

ಆದರೆ ಬಾಳಿಕೆಯ ಪ್ರಶ್ನೆ ಮೊದಲಿನಿಂದಲೇ ಕಾಡಿತು. ಏರ್‌ಷೈರಿನ ಕಲ್ಲುಗಣಿಯೊಂದರಲ್ಲಿ 1818ರಲ್ಲಿ ನೀರೆತ್ತಲು ಹೂಡಿದ ಯಂತ್ರವು, ಕಾದ ಪಾತ್ರೆಯ ತಳ ಒತ್ತಡಕ್ಕೆ ಸೋತು ಕೆಟ್ಟಿತು. ಆಮೇಲೆ ಎಂಜಿನಿಯರನಾದ ತಮ್ಮ ಜೇಮ್ಸನು ಕೈಗೂಡಿಸಿದನು. ಒತ್ತಿ ತುಂಬಿದ ಗಾಳಿಯಿಂದ ಸಣ್ಣ ಯಂತ್ರದಲ್ಲಿಯೂ ಹೆಚ್ಚು ಬಲ ಬರುವುದೆಂದು ಕಂಡುಕೊಂಡು, 1843ರಲ್ಲಿ ಡಂಡೀ ನಗರದ ಎರಕದ ಕಾರ್ಖಾನೆಯ ಹಳೆಯ ಉಗಿಯಂತ್ರವೊಂದನ್ನೇ ವಾಯುಯಂತ್ರವಾಗಿ ಮಾರ್ಪಡಿಸಿದರು. ಕಾರ್ಖಾನೆ ಅದರಿಂದಲೇ ನಡೆಯಿತು. ಜೇಮ್ಸನು ಗುಟ್ಟು ಮಾಡಲಿಲ್ಲ. 1845ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರರ ಸಂಸ್ಥೆಯ ಮುಂದೆ ಅದರ ವಿವರಣೆಯನ್ನು ಓದಿದನು. ಇಂಧನವೇನೋ ಉಳಿಯಿತು. ಆದರೆ ಸದಾ ಉರಿಯನ್ನು ತಾಳಬೇಕಾದ ಎರಕದ ಕಬ್ಬಿಣದ ಪಾತ್ರೆಗಳು ಮತ್ತೆ ಮತ್ತೆ ಕೆಟ್ಟವು. ಪಾತ್ರೆ ಬದಲಿಸುವ ವೆಚ್ಚ, ಕೆಲಸ ನಿಂತ ನಷ್ಟ, ಎರಡನ್ನೂ ಹೊರಲಾರದೆ 1847ರಲ್ಲಿ ಕಾರ್ಖಾನೆಯವರು ಉಗಿಗೇ ಮರಳಿದರು.

ಬೆಸ್ಸೆಮರನ ಉಕ್ಕು ಬಂದದ್ದು 1856ರಲ್ಲಿ. ಮೊದಲೇ ಅದು ದೊರೆತಿದ್ದರೆ ವಾಯುಯಂತ್ರ ಗೆಲ್ಲುತ್ತಿತ್ತೆಂದು, ಮುಂದಿನ ಕಾಲದ ಕುಶಲಿಯೊಬ್ಬನು ಅದನ್ನು ಸಾಧಿಸಲೆಂದು ಸ್ಟರ್ಲಿಂಗನು 1876ರಲ್ಲಿ ಬರೆದನು. ಆಗ ಆತನಿಗೆ ಎಂಬತ್ತಾರು ವರ್ಷ. 1930ರ ದಶಕದ ಕೊನೆಯಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯವರು, ವಿದ್ಯುತ್ತಿಲ್ಲದ ಊರುಗಳ ರೇಡಿಯೋಗಳಿಗೆಂದು ಅದೇ ಯಂತ್ರವನ್ನು ಹೊಸ ಲೋಹಗಳಿಂದ ಕಟ್ಟತೊಡಗಿದರು. ಅದು ಚೆನ್ನಾಗಿ ನಡೆಯಿತು. ಬೆಲೆ ಮಾತ್ರ ಹೆಚ್ಚಾಗಿಯೇ ಉಳಿದು, 1950ರ ದಶಕದ ಮೊದಲಿನಲ್ಲಿ ಸುಮಾರು 150 ಯಂತ್ರಗಳಷ್ಟೇ ತಯಾರಾದವು.