ಡಿಶ್ ಟಿವಿ ಚಿತ್ರ ಮಬ್ಬಾಗಿದೆಯಾ? ದುಡ್ಡು ಖರ್ಚು ಮಾಡೋ ಮೊದಲು ಇದು ಗೊತ್ತಿರಲಿ

ಹೋಟೆಲ್‌ಗೆ, ಅಂಗಡಿಗೆ ದೊಡ್ಡ ಟಿವಿ ತಂದು ಹಾಕಿದ್ರೂ ಚಿತ್ರ ಮಬ್ಬಾಗೇ ಇದೆ ಅನ್ನೋರು ತುಂಬಾ ಜನ. ಇದಕ್ಕೆ ಡಿಶ್ ಬದಲಿಸಿದ್ರೆ ದುಡ್ಡು ದಂಡ ಆಗಬಹುದು. ತೊಂದರೆ ಎರಡು ಥರ ಇರುತ್ತೆ.

ಒಂದು, ಸಿಗ್ನಲ್ ತೊಂದರೆ: ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ, ನಿಂತುಬಿಡುತ್ತೆ, ಧ್ವನಿ ಕಟ್ ಆಗುತ್ತೆ. ಡಿಟಿಎಚ್ ಬಳಸೋ ಕೆಯು ಬ್ಯಾಂಡ್ ತರಂಗಗಳನ್ನ ಜೋರು ಮಳೆ ತಡೆಯುತ್ತೆ. ಡಿಶ್ ಅಲುಗಾಡಿದ್ರೂ, ಎದುರಿಗೆ ತೆಂಗಿನ ಗರಿ ಬಂದ್ರೂ ಹೀಗೇ. ಇದು ಮಾತ್ರ ಡಿಶ್ ರಿಪೇರಿಯಿಂದ ಸರಿಹೋಗುತ್ತೆ.

ಎರಡು, ಜಾಗದ ತೊಂದರೆ: ಚಿತ್ರ ಒಡೆಯಲ್ಲ, ಆದ್ರೆ ಕ್ರಿಕೆಟ್‌ನಲ್ಲಿ ಹುಲ್ಲು ಕಲಸಿದಂತೆ, ಓಡೋ ಆಟಗಾರ ಮಸುಕಾಗಿ ಕಾಣ್ತಾನೆ. ಇದು ನಿಮ್ಮ ಮನೆಯ ದೋಷ ಅಲ್ಲ.

ಜಾಗ ಯಾಕೆ ಸಾಲಲ್ಲ?

ಉಪಗ್ರಹದಲ್ಲಿ ಟ್ರಾನ್ಸ್‌ಪಾಂಡರ್ ಅನ್ನೋ ಸಾಧನಗಳಿರುತ್ತವೆ. ಚಾನೆಲ್‌ಗಳು ಇವುಗಳ ಮೂಲಕವೇ ಬರಬೇಕು. ಡಿಡಿ ಫ್ರೀ ಡಿಶ್ ಬರೋ ಜಿಸ್ಯಾಟ್-15ರಲ್ಲಿ ಇರೋದು 24 ಕೆಯು ಬ್ಯಾಂಡ್ ಟ್ರಾನ್ಸ್‌ಪಾಂಡರ್. 2015ರ ನವೆಂಬರ್‌ನಲ್ಲಿ ಹಾರಿಸಿದ ಈ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಇಸ್ರೋದ ಇಂಥ ಉಪಗ್ರಹಗಳನ್ನ ನಿಯಂತ್ರಿಸೋ ಮುಖ್ಯ ಕೇಂದ್ರ ನಮ್ಮ ಹಾಸನದಲ್ಲೇ ಇದೆ.

ಹಳೇ ಡಿವಿಬಿ-ಎಸ್ ಪದ್ಧತಿಯಲ್ಲಿ ಒಂದು ಟ್ರಾನ್ಸ್‌ಪಾಂಡರ್ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಸಾಗಿಸಬಲ್ಲದು. ಎಂಪೆಗ್-2ರಲ್ಲಿ ಮಾಮೂಲಿ ಎಸ್‌ಡಿ ಚಾನೆಲ್ ಚೆನ್ನಾಗಿ ಕಾಣೋಕೆ ಸುಮಾರು 4 ಮೆಗಾಬಿಟ್ ಬೇಕು. ಲೆಕ್ಕಕ್ಕೆ 9 ಚಾನೆಲ್ ಆಯ್ತು. ಅದೇ ಜಾಗಕ್ಕೆ 18 ತುಂಬಿದ್ರೆ ಒಂದೊಂದಕ್ಕೆ 2 ಮೆಗಾಬಿಟ್ ಮಾತ್ರ. ಟ್ಯಾಂಕ್ ಒಂದೇ, ನಲ್ಲಿ ಜಾಸ್ತಿ ಆದಂಗೆ. ಫ್ರೀ ಡಿಶ್‌ನಲ್ಲಿ ಈ ಜಾಗವನ್ನ ಪ್ರಸಾರ ಭಾರತಿ ಖಾಸಗಿ ಚಾನೆಲ್‌ಗಳಿಗೆ ಇ-ಹರಾಜು ಹಾಕುತ್ತೆ.

ಎಂಪೆಗ್-4 ಬಳಸಿದ್ರೆ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅದೇ ಗುಣಮಟ್ಟ ಸಿಗುತ್ತೆ. ಆದ್ರೆ ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಆ ಚಾನೆಲ್‌ಗಳು ಬರಲ್ಲ.

ದೊಡ್ಡ ಟಿವಿಯಲ್ಲೇ ಯಾಕೆ ಜಾಸ್ತಿ ಮಬ್ಬು?

ಎಸ್‌ಡಿ ಚಿತ್ರದಲ್ಲಿ ಸುಮಾರು 4.15 ಲಕ್ಷ ಚುಕ್ಕಿ, ಫುಲ್ ಎಚ್‌ಡಿ ಪರದೆಯಲ್ಲಿ 20.7 ಲಕ್ಷ, 4ಕೆಯಲ್ಲಿ 83 ಲಕ್ಷ. ಇಲ್ಲದ ಚುಕ್ಕಿಗಳನ್ನ ಟಿವಿ ಅಂದಾಜಲ್ಲಿ ತುಂಬುತ್ತೆ.

ಮೊದಲು ಇಷ್ಟು ನೋಡಿ

* ಬಾಕ್ಸ್ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ನೋಡಿ. ಅದು ಚೆನ್ನಾಗಿದ್ದು ಚಿತ್ರ ಮಾತ್ರ ಮಬ್ಬಿದ್ರೆ ಡಿಶ್ ಮುಟ್ಟಬೇಡಿ. ದೊಡ್ಡ ಡಿಶ್ ಮಳೆಗೆ ತಡೆಯುತ್ತೆ, ಚಿತ್ರವನ್ನ ಚೊಕ್ಕ ಮಾಡಲ್ಲ.
* ಕೆಲವೇ ಚಾನೆಲ್ ಮಬ್ಬಿದ್ರೆ ತೊಂದರೆ ಬಹುಮಟ್ಟಿಗೆ ಪ್ರಸಾರದ್ದೇ.
* ಎಚ್‌ಡಿ ಪ್ಯಾಕ್‌ಗೆ ದುಡ್ಡು ಕಟ್ಟುತ್ತಿದ್ರೆ ಬಾಕ್ಸ್ ಕೂಡ ಎಚ್‌ಡಿ ಇರಬೇಕು, ಎಚ್‌ಡಿಎಂಐ ಕೇಬಲ್ ಹಾಕಿರಬೇಕು. ಹಳದಿ-ಕೆಂಪು-ಬಿಳಿ ವೈರಿನಲ್ಲಿ ಎಚ್‌ಡಿ ಬರಲ್ಲ.
* ಟಿವಿಯ ಶಾರ್ಪ್‌ನೆಸ್ ಕಡಿಮೆ ಮಾಡಿ. ಎಸ್‌ಡಿ ಚಾನೆಲ್‌ನ ಚೌಕಗಳು ಅಷ್ಟಾಗಿ ಎದ್ದು ಕಾಣಲ್ಲ.

ಇಷ್ಟು ನೋಡಿಕೊಂಡ ಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.