ಮ್ಯಾಟ್‌ಪ್ಲಾಟ್‌ಲಿಬ್: ಕನ್ನಡ ಅಕ್ಷರ ಮತ್ತು ಅನಿಮೇಷನ್ ತೊಡಕುಗಳು

ಅಂಕಿಅಂಶಗಳನ್ನು ರೇಖಾಚಿತ್ರವಾಗಿಸುವ ಈ ಪೈಥಾನ್ ಲೈಬ್ರರಿಯನ್ನು ಜಾನ್ ಹಂಟರ್ 2003ರಲ್ಲಿ ಬಿಡುಗಡೆ ಮಾಡಿದರು. ಉದಾಹರಣೆಗೆ, 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕರ ರೈಲು ಓಡಿದ ಸುಮಾರು 34 ಕಿ.ಮೀ. ದಾರಿಯನ್ನೂ ಅದರ ಮುಂದಿನ ಡೊಂಬಿವಲಿ, ಕಲ್ಯಾಣಗಳನ್ನೂ ಕನ್ನಡ ಹೆಸರುಗಳೊಡನೆ ಚಿತ್ರಿಸಹೊರಟರೆ, ಲೈಬ್ರರಿಯೊಂದಿಗೆ ಬರುವ ಡೆಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡವಿಲ್ಲದ ಕಾರಣ ಬರಿಯ ಚೌಕಗಳು ಮೂಡುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಸೂಚಿಸಿದರೂ, ಅಕ್ಷರಗಳನ್ನು ಕೂಡಿಸುವ ವ್ಯವಸ್ಥೆಯಿಲ್ಲದ ಆವೃತ್ತಿಗಳಲ್ಲಿ ‘ಕಲ್ಯಾಣ’ದ ಒತ್ತಕ್ಷರ ಬಿಡಿಬಿಡಿಯಾಗುವುದರಿಂದ, ಆ ಕೆಲಸಕ್ಕೆ ರಾಕ್ಮ್ ತಂತ್ರಾಂಶದ ನೆರವು ಪಡೆಯುವ ಚಿತ್ರಣ ಘಟಕವಾದ ಎಂಪಿಎಲ್‌ಕೈರೋ ಬೇಕಾಗುತ್ತದೆ. ಈ ದಾರಿಯ ಅನಿಮೇಷನ್ನಿನಲ್ಲಿ ರೈಲನ್ನು ಸೂಚಿಸುವ ಚುಕ್ಕಿ ಅಲುಗದಿದ್ದರೆ ಕಾರಣ ಬಹುಮಟ್ಟಿಗೆ ಕ್ಷುಲ್ಲಕವೇ: ಫಂಕ್‌ಆನಿಮೇಷನ್ ಎಂಬ ಸಾಧನ ಸೃಷ್ಟಿಸಿದ ವಸ್ತುವನ್ನು ಒಂದು ಚರದಲ್ಲಿ, ಎಂದರೆ ಹೆಸರಿಟ್ಟ ಸ್ಮೃತಿಸ್ಥಾನದಲ್ಲಿ, ಹಿಡಿದಿಡದಿದ್ದರೆ ಪೈಥಾನ್ ಅದನ್ನು ಅಳಿಸಿಬಿಡುತ್ತದೆ. ಅನಿಮೇಷನ್ನನ್ನು ಎಂಪಿ4 ವೀಡಿಯೊ ಆಗಿ ಉಳಿಸಲು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಬೇಕು. ಜಿಫ್‌ಗೆ ಪಿಲ್ಲೋ ಎಂಬ ಚಿತ್ರ ಲೈಬ್ರರಿ ಸಾಕು.